ಆ ಸಣ್ಣ ಬಾಟಲಿಯಲ್ಲಿ ಇದ್ದದ್ದು

ಮೂವತ್ತು ಹೆಂಗಸರ ಮುಂದೆ ನಾನೊಂದು ಸುಳ್ಳು ಪರೀಕ್ಷೆ ಮಾಡಿ ತೋರಿಸಿದೆ. ಸುಳ್ಳೆಂದು ಗೊತ್ತಿದ್ದೇ ತೋರಿಸಿದೆ. ನನ್ನನ್ನು ಯಾರೂ ಹೆದರಿಸಿರಲಿಲ್ಲ, ಯಾರೂ ಒತ್ತಾಯ ಮಾಡಿರಲಿಲ್ಲ. ನನ್ನ ಕೈಯಲ್ಲಿದ್ದ ಸಣ್ಣ ಬಾಟಲಿಯಲ್ಲಿ ಏನಿದೆ ಎಂಬುದು ಅಲ್ಲಿದ್ದ ನಮ್ಮೂರಿನವರಲ್ಲಿ ಇಬ್ಬರಿಗೆ ಮಾತ್ರ ತಿಳಿದಿತ್ತು. ಒಬ್ಬ ನಾನು. ಇನ್ನೊಬ್ಬಳು ಸುಜಾತಾ — ಯಾಕೆಂದರೆ ಅವಳಿಗೆ ಅದನ್ನು ಕಲಿಸಿದವನೂ ನಾನೇ. ಆ ದಿನ ನಾನು ಮುಗಿಸಿದ್ದು ಅವಳ ಕಸುಬನ್ನು.

ನನ್ನ ಹೆಸರು ಕೊಟ್ರಪ್ಪ. ಓದಿದ್ದು ಎಸ್ಸೆಸ್ಸೆಲ್ಸಿ. ಕೊಟ್ಟೂರಿನ ಒಂದು ಹೈಸ್ಕೂಲಿನಲ್ಲಿ ಲ್ಯಾಬ್ ಅಟೆಂಡರ್ ಆಗಿ ಸೇರಿದವನು ಅಲ್ಲೇ ನಿವೃತ್ತನಾದೆ. ಪ್ರನಾಳ ತೊಳೆಯುವುದು, ಆಸಿಡ್ಡನ್ನು ನೀರಿಗೆ ಬೆರೆಸಿಡುವುದು, ಪಾಠ ಮಾಡುವವರ ಕೈಗೆ ಬೇಕಾದ್ದನ್ನು ಕೊಟ್ಟು ಹಿಂದೆ ಸರಿದು ನಿಲ್ಲುವುದು — ಇದು ನನ್ನ ಕೆಲಸ. ಮಾಸ್ತರರು "ಲೇ ಕೊಟ್ರಾ" ಎನ್ನುತ್ತಿದ್ದರು. ಹುಡುಗರು "ಕೊಟ್ರಪ್ಪಣ್ಣ" ಎನ್ನುತ್ತಿದ್ದರು. ನನ್ನನ್ನು "ಸರ್" ಎಂದು ಕರೆದವಳು ಒಬ್ಬಳೇ, ಒಂಬತ್ತನೇ ತರಗತಿಯ ಸುಜಾತಾ. ಊರಿನ ತುದಿಯ ಓಣಿಯವಳು. ಅವಳ ಮನೆಯವರು ಬುದ್ಧನ ಫೋಟೋ ಇಟ್ಟುಕೊಂಡವರು. ಅವಳಪ್ಪ ಹಮಾಲಿ ಮಾಡುತ್ತಿದ್ದ.

ಒಂದು ದಿನ ಪಿಷ್ಟಕ್ಕೆ ಅಯೋಡಿನ್ ಹಾಕುವ ಪಾಠ ಮುಗಿದಿತ್ತು. ಎಲ್ಲರೂ ಹೋದ ಮೇಲೆ ಇವಳು ಬಾಗಿಲಲ್ಲಿ ನಿಂತು, "ಸರ್, ಈ ಬಣ್ಣ ಹೊಳ್ಳಿ ಹೋಗಂಗ ಮಾಡಾಕ ಬರತೈತೇನ್ರಿ?" ಎಂದು ಕೇಳಿದಳು. ನಾನು ಒಂದು ಲೋಟ ನೀರಿಗೆ ಅಯೋಡಿನ್ ಹಾಕಿದೆ, ಕೆಂಪಗೆ ಕಂದಾಯಿತು. ಹೈಪೊ ಎಂಬ ಬಿಳಿ ಉಪ್ಪನ್ನು ನೀರಿನಲ್ಲಿ ಕರಗಿಸಿ ಎರಡು ಹನಿ ಬಿಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ನೀರು ತಿಳಿಯಾಯಿತು. ಅವಳು ಚಪ್ಪಾಳೆ ತಟ್ಟಿ, "ಹೊಲಸೆಲ್ಲಾ ಹೋತಲ್ರಿ ಸರ್!" ಎಂದಳು.

"ಹೊಲಸು ಎಲ್ಲೂ ಹೋಗಿಲ್ಲವ್ವ," ಎಂದೆ ನಾನು. "ಅಲ್ಲೇ ಐತಿ. ಬಣ್ಣ ಅಷ್ಟ ಹೋಗೈತಿ."

ಆ ಮಾತನ್ನು ನಾನೇ ಹೇಳಿದ್ದೆ. ಮರೆತಿದ್ದೆ ಎಂದು ಈಗ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಸುಜಾತಾ ಹತ್ತನೇ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಫೇಲಾದಳು. ವಿಜ್ಞಾನದಲ್ಲಿ ಅವಳಿಗಿಂತ ಹೆಚ್ಚು ಅಂಕ ತೆಗೆದವರು ಶಾಲೆಯಲ್ಲಿ ಇರಲಿಲ್ಲ. ಮದುವೆಯಾಯಿತು, ಒಂದು ಮಗುವಾಯಿತು, ಗಂಡ ಬಿಟ್ಟುಹೋದ. ಕೂಡ್ಲಿಗಿಯಲ್ಲಿ ಎಲ್ಲೋ ತರಬೇತಿ ಪಡೆದು ಬಂದು ಮನೆಯಲ್ಲೇ ಫಿನಾಯಿಲು, ಪಾತ್ರೆ ತೊಳೆಯುವ ನೀರುಸಾಬೂನು ಮಾಡಿ ಮಾರತೊಡಗಿದಳು. ಎರಡೂ ಕೈಯಲ್ಲಿ ಎರಡು ಕ್ಯಾನು ಹಿಡಿದು ಓಣಿ ಓಣಿ ತಿರುಗುತ್ತಿದ್ದಳು.

ನಮ್ಮ ಮನೆಗೂ ಬರುತ್ತಿದ್ದಳು. ನನ್ನ ಹೆಂಡತಿ ಗಿರಿಜಾ ನಮ್ಮ ಖಾಲಿ ಬಾಟಲಿಯನ್ನು ಹೊರಗಿನ ಕಟ್ಟೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಸುಜಾತಾ ಬಾಟಲಿ ಮುಟ್ಟದೆ ಮೇಲಿನಿಂದ ಸುರುವುತ್ತಿದ್ದಳು. ಒಂದು ಹನಿಯೂ ಹೊರಗೆ ಬೀಳುತ್ತಿರಲಿಲ್ಲ, ಅಷ್ಟು ರೂಢಿಯಾಗಿತ್ತು ಕೈಗೆ. ಅವಳು ಹೋದ ಮೇಲೆ ಗಿರಿಜಾ ಬಾಟಲಿಗೆ ನೀರು ಚಿಮುಕಿಸಿ ಬಚ್ಚಲಿಗೆ ಒಯ್ಯುತ್ತಿದ್ದಳು. ಬಚ್ಚಲಿಗೆ ಮಾತ್ರ. ಅಡುಗೆಮನೆಗೆ, ದೇವರ ಕೋಣೆಗೆ ಬೇರೆ. ನಮ್ಮ ಓಣಿಯ ಎಲ್ಲ ಮನೆಯಲ್ಲೂ ಹೀಗೇ. ನಾನು ಪಡಸಾಲೆಯಲ್ಲಿ ಪೇಪರು ಓದುತ್ತ ಕೂತು ಇದನ್ನು ನಾಲ್ಕು ವರ್ಷ ನೋಡಿದೆ. ನೋಡಿದೆ, ಅಷ್ಟೇ.

ನಿವೃತ್ತನಾದ ಮೇಲೆ ನನ್ನನ್ನು ಕೇಳುವವರಿರಲಿಲ್ಲ. ಆಗ ಬಂದದ್ದು ಒಂದು ಕಂಪನಿ. ಅಂಗಡಿಯಲ್ಲಿ ಸಿಗದ ಮಾಲು — ನೆಲ ಒರೆಸುವುದು, ಬಟ್ಟೆ ಒಗೆಯುವುದು, ಪಾತ್ರೆ ಬೆಳಗುವುದು. ಒಬ್ಬರು ಇನ್ನೊಬ್ಬರನ್ನು ಸೇರಿಸುತ್ತ, ಮನೆಯಿಂದ ಮನೆಗೇ ಮಾರಬೇಕು. ಹರಪನಹಳ್ಳಿಯ ಒಂದು ಕಲ್ಯಾಣಮಂಟಪದಲ್ಲಿ ಸಭೆ ಇತ್ತು, ನೆರೆಮನೆಯವರು ಕರೆದರು, ಹೋದೆ. ಕೋಟು ಹಾಕಿದ ಲೀಡರು ನನ್ನ ಕೆಲಸ ಏನಿತ್ತೆಂದು ಕೇಳಿ ತಿಳಿದುಕೊಂಡ. ಆಮೇಲೆ ವೇದಿಕೆಗೆ ಕರೆದು ಶಾಲು ಹೊದಿಸಿ, ಮೈಕಿನಲ್ಲಿ "ನಮ್ಮ ಸೈನ್ಸ್ ಸರ್!" ಎಂದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಪ್ರನಾಳ ತೊಳೆದು ತೊಳೆದು ಒಡೆದ ಈ ಕೈಗಳನ್ನು ಮುಗಿದು ನಿಂತೆ, ಕಣ್ಣಲ್ಲಿ ನೀರು ಬಂತು. ದುಡ್ಡಿಗಾಗಿ ಮಾಡಿದ್ದರೆ ಪಾಪ ಸಣ್ಣದಾಗುತ್ತಿತ್ತೇನೋ... ನಾನು ಆ ಒಂದು ಶಬ್ದಕ್ಕಾಗಿ ಮಾಡಿದೆ.

ಲೀಡರು ಕೊನೆಯಲ್ಲಿ ನನಗೊಂದು ಸಣ್ಣ ಬಾಟಲಿ ಕೊಟ್ಟ. "ಡೆಮೊ ಮಾಡಾಕ ಇದನ್ನ ಬಳಸ್ರಿ ಸರ್. ಸೀಲಿನ ದೊಡ್ಡ ಬಾಟ್ಲಿ ಒಡೀಬ್ಯಾಡ್ರಿ." ಅಯೋಡಿನ್ ನೀರಿಗೆ ಹನಿ ಬಿಟ್ಟರೆ ತಿಳಿಯಾಗುತ್ತದೆ, ಅದನ್ನೇ ತೋರಿಸಿ ಎಂದ. ಕೇಳಿದ ಗಳಿಗೆಯಲ್ಲೇ ನನಗೆ ಅದು ಹೈಪೊ ಎಂದು ತಿಳಿಯಿತು.

ಅದೇ ಹೊತ್ತಿಗೆ ಊರಿನ ಮಹಿಳಾ ಸಂಘಗಳ ಒಕ್ಕೂಟದಲ್ಲಿ ಮಾತು ಬಂದಿತ್ತು — ಎಲ್ಲ ಸದಸ್ಯರ ಮನೆಗೂ ಒಂದೇ ಕಡೆಯಿಂದ ಮಾಲು ತೆಗೆದುಕೊಳ್ಳೋಣ, ಒಕ್ಕೂಟದ ಚೀಟಿ ಹಚ್ಚೋಣ. ಸುಜಾತಾಳದೋ, ಕಂಪನಿಯದೋ? ಒಕ್ಕೂಟ ಒಪ್ಪಿದರೆ ಸುಜಾತಾ ಕ್ಯಾನು ಹೊರುವುದನ್ನು ಬಿಟ್ಟು ಒಂದು ಶೆಡ್ಡು ಹಿಡಿಯುವವಳಿದ್ದಳು. ತನ್ನ ಓಣಿಯ ಇಬ್ಬರು ಹೆಂಗಸರಿಗೆ ಕೆಲಸ ಹೇಳಿಯೂ ಆಗಿತ್ತು. ಪರೀಕ್ಷೆ ಮಾಡಿ ಹೇಳುವವರು ಯಾರು ಎಂಬ ಪ್ರಶ್ನೆ ಬಂದಾಗ ನನ್ನ ಹೆಸರು ಹೇಳಿದವಳು ಅವಳೇ. "ಕೊಟ್ರಪ್ಪ ಸರ್ ಏನ್ ಹೇಳತಾರ ಅದಕ್ಕ ನಾ ಒಪ್ಪತೀನ್ರಿ," ಎಂದಳಂತೆ.

ನಾನು ಮೊದಲು ಮನೆಯಲ್ಲಿ ನೋಡಿದೆ. ಇದನ್ನೂ ಹೇಳಲೇಬೇಕು. ಬಚ್ಚಲ ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ಚೌಕ ಬರೆದೆ. ಒಂದಕ್ಕೆ ಕಂಪನಿಯದು, ಒಂದಕ್ಕೆ ಸುಜಾತಾಳದು, ಒಂದಕ್ಕೆ ಬರೀ ಸಾಬೂನಿನ ಪುಡಿ. ಒಂದೇ ಬ್ರಷ್ಷು, ಅಷ್ಟೇ ಹೊತ್ತು ಉಜ್ಜುವುದು. ಕೊಳವೆಬಾವಿ ನೀರಿನ ಉಪ್ಪುಗಲೆ ಮೂರರಲ್ಲೂ ಹೋಗಲಿಲ್ಲ. ಜಿಡ್ಡು ಮೂರರಲ್ಲೂ ಹೋಯಿತು. ವಾಸನೆ ಕಂಪನಿಯದಕ್ಕೆ ಹೆಚ್ಚು, ಬೆಲೆ ನಾಲ್ಕು ಪಟ್ಟು ಹೆಚ್ಚು. ಸೀಲು ಒಡೆದು ದೊಡ್ಡ ಬಾಟಲಿಯಿಂದ ಅಯೋಡಿನ್ ನೀರಿಗೆ ಹನಿ ಬಿಟ್ಟೆ. ಬಣ್ಣ ಹಾಗೇ ಇತ್ತು. ಗಿರಿಜಾ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ಅಕಿದೇ ಛಲೋ ಐತಲ್ರಿ. ಇದರಾಗ ಏನೈತಿ, ಬರೇ ಸೆಂಟು," ಎಂದಳು. ಕಂಪನಿಯ ಮಾಲು ವಿಷವೇನಲ್ಲ. ಸಾಧಾರಣ ಮಾಲು, ಹೇಳುವ ಮಾತಷ್ಟು ದೊಡ್ಡದಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು. ನಾನು ಹೇಳಬೇಕಾದದ್ದು ಅಷ್ಟೇ ಇತ್ತು.

ಮರುದಿನ ಒಕ್ಕೂಟದ ಹಾಲ್‌ನಲ್ಲಿ ಮೂವತ್ತು ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ನಾನು ಶಾಲು ಹೊದ್ದು ಹೋಗಿದ್ದೆ. ಲೀಡರು ಹಿಂದಿನ ಕುರ್ಚಿಯಲ್ಲಿದ್ದ. ಸುಜಾತಾ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು, ಚಾಪೆಯ ಮೇಲೆ ಕೂತಿರಲಿಲ್ಲ. ಹೊಸ ಬಾಟಲಿಯಲ್ಲಿ ತುಂಬಿ ತಂದಿದ್ದಳು, ತನ್ನ ಕೈಯಿಂದಲೇ ಹೆಸರು ಬರೆದ ಚೀಟಿ ಹಚ್ಚಿದ್ದಳು.

ಎರಡು ಲೋಟಗಳಲ್ಲಿ ಅಯೋಡಿನ್ ನೀರು ಮಾಡಿದೆ. "ಇದು ಮನಿ ಹೊಲಸು ಅಂತ ತಿಳ್ಕೊಳ್ರಿ," ಎಂದೆ. ಮೊದಲನೆಯದಕ್ಕೆ ಸಣ್ಣ ಬಾಟಲಿಯಿಂದ ಎರಡು ಹನಿ. ನೀರು ತಿಳಿಯಾಯಿತು. ಹೆಂಗಸರು "ಅಯ್ ಶಿವನೇ" ಎಂದರು. ಎರಡನೆಯದಕ್ಕೆ ಸುಜಾತಾಳ ಫಿನಾಯಿಲು. ನೀರಿಗೆ ಬಿದ್ದ ಫಿನಾಯಿಲು ಹಾಲಿನಂತೆ ಬೆಳ್ಳಗಾಗುತ್ತದೆ, ಒಳ್ಳೆಯದಾದರೆ ಆಗಲೇಬೇಕು. ಕಂದು ನೀರಿನಲ್ಲಿ ಅದು ರಾಡಿಯಂತೆ ಕಂಡಿತು.

"ನೋಡ್ರಿ," ಎಂದೆ. "ಹೊಲಸು ಹೋಗೋದು ದೂರ, ಇನ್ನಷ್ಟು ಹೊಲಸಾತು."

ಯಾರೋ ನಕ್ಕರು. ಸುಜಾತಾ ಮುಂದೆ ಬಂದಳು. ಲೋಟ ನೋಡಲಿಲ್ಲ, ನನ್ನ ಮುಖ ನೋಡಿದಳು. ಬಹಳ ಮೆಲ್ಲಗೆ, ನನಗಷ್ಟೇ ಕೇಳುವಂತೆ, "ಸರ್... ಅದು ಹೈಪೊ ಅಲ್ಲೇನ್ರಿ?" ಎಂದಳು.

ಅವಳು ಜೋರಾಗಿ ಕೇಳಬಹುದಿತ್ತು. ಕೇಳಲಿಲ್ಲ. ನನ್ನ ಮರ್ಯಾದೆ ಉಳಿಸಿ ಕೇಳಿದಳು, ಸರಿಮಾಡಿಕೊಳ್ಳಲು ನನಗೊಂದು ದಾರಿ ಬಿಟ್ಟು ಕೇಳಿದಳು. ನಾನು —

ನಾನು ಜೋರಾಗಿ ಹೇಳಿದೆ. "ಹತ್ತನೇತ್ತ ಫೇಲಾದಾಕಿ ನನಗ ಸೈನ್ಸ್ ಕಲಸಾಕ ಬಂದಾಳ ನೋಡ್ರಿ!"

ಹಾಲ್ ತುಂಬ ನಗೆ. ಅವಳ ಕಿವಿ ಕೆಂಪಾದದ್ದು ಕಂಡಿತು. ಅಲ್ಲಿಗೆ ನಿಲ್ಲಿಸಬಹುದಿತ್ತು, ಗೆದ್ದಿದ್ದೆ. ನಗೆ ಇನ್ನೂ ಬೇಕೆನಿಸಿತು. ಅವಳ ಬಾಟಲಿಯನ್ನು ಕರವಸ್ತ್ರದಿಂದ ಹಿಡಿದು ಮೇಲೆತ್ತಿ ಹೇಳಿದೆ: "ಮಾಲು ಅಷ್ಟ ನೋಡಿದ್ರ ಆಗಂಗಿಲ್ಲ ತಾಯಂದಿರಾ. ಅದನ್ನ ಎಂಥಾ ಮನಿಯಾಗ ಮಾಡ್ಯಾರ, ಎಂಥಾ ನೀರಿನಾಗ ಮಾಡ್ಯಾರ ಅನ್ನೋದೂ ನೋಡಬೇಕಾಗತೈತಿ."

ಈ ಸಲ ಯಾರೂ ನಗಲಿಲ್ಲ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆ ಮಾತಿನ ಅರ್ಥ ಒಬ್ಬರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸುಜಾತಾ ಬಾಟಲಿ ಕೇಳಿದಳು. ನಾನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ — ಗಿರಿಜಾ ಸರಿಯುವ ಹಾಗೆಯೇ. ಅವಳು ತೆಗೆದುಕೊಂಡು ಹೋದಳು.

ಆ ವಾರ ನಮ್ಮ ಓಣಿಯ ಚರಂಡಿ ಬೆಳ್ಳಗೆ ಹರಿಯಿತು. ಮನೆಮನೆಯಲ್ಲಿ ಉಳಿದಿದ್ದ ಅವಳ ಫಿನಾಯಿಲನ್ನು ಹೆಂಗಸರು ಹೊರಗೆ ಚೆಲ್ಲಿದ್ದರು. ಗಿರಿಜಾ, "ಛಲೋ ಇತ್ತಲ್ರಿ, ಯಾಕ ಚೆಲ್ಲಬೇಕು?" ಎಂದಳು. "ಸುರುವು," ಎಂದೆ.

ಸುಜಾತಾ ಮತ್ತೆ ಓಣಿಗೆ ಬರಲಿಲ್ಲ. ಬಂದಿದ್ದರೂ ಬಾಟಲಿ ಇಡುವವರು ಇರಲಿಲ್ಲ. ಒಂದು ವರ್ಷದೊಳಗೆ ಲೀಡರು ಹರಪನಹಳ್ಳಿಯಲ್ಲಿ ಕಾಣದಾದ. ಕಂಪನಿಯ ಡಬ್ಬಿಗಳು ಮಂಚದ ಕೆಳಗೆ ಉಳಿದವು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನನ್ನ ಮರ್ಯಾದೆಗೆ ಕುಂದು ಬರಲಿಲ್ಲ — ಶಿಕ್ಷೆ ಸಿಕ್ಕಿತೆಂದು ಹೇಳಿಕೊಳ್ಳುವ ಸಮಾಧಾನವೂ ನನಗಿಲ್ಲ.

ಹನ್ನೊಂದು ವರ್ಷ ಕಳೆಯಿತು. ಹೋದ ವರ್ಷ ಪಿಂಚಣಿಗೆಂದು, ನಾನಿನ್ನೂ ಬದುಕಿದ್ದೇನೆ ಎಂದು ಸಹಿ ಮಾಡಿಕೊಡಲು ಕೂಡ್ಲಿಗಿಯ ಒಂದು ಕಚೇರಿಗೆ ಹೋಗಿದ್ದೆ. ಬೆಂಚಿನ ಮೇಲೆ ಕೂತಿದ್ದೆ. ನೀಲಿ ಅಂಗಿ ತೊಟ್ಟ ಹೆಂಗಸೊಬ್ಬಳು ನೆಲ ಒರೆಸುತ್ತ ಬಂದಳು. ಬಕೆಟ್ಟಿನ ನೀರು ಹಾಲಿನ ಹಾಗಿತ್ತು. ಕೈಗಳ ಮೇಲೆ ಚರ್ಮ ಬಿಳುಚಿ ಸುಲಿದಿತ್ತು. ತಲೆ ಎತ್ತಿದಾಗ ಗುರುತು ಹಿಡಿದೆ. ಅವಳೂ ಹಿಡಿದಳು. ಸಂಶಯವೇ ಇಲ್ಲ, ಒಂದು ಗಳಿಗೆ ಒರೆಸುವ ಕೋಲು ನಿಂತಿತು.

ಸರ್ ಎನ್ನುತ್ತಾಳೆ ಎಂದು ಕಾದೆ. ನಾಚಿಕೆಯಿಲ್ಲದೆ, ಆಗಲೂ ಅದಕ್ಕೇ ಕಾದೆ.

"ಯಜಮಾನ್ರ, ಕಾಲು ಎತ್ರಿ," ಎಂದಳು.

ಎತ್ತಿದೆ. ನನ್ನ ಕಾಲಿನ ಕೆಳಗೆ ಒರೆಸಿ ಮುಂದೆ ಹೋದಳು. ಅವಳು ಮೂಲೆ ತಿರುಗುವ ತನಕ ನಾನು ಕಾಲು ಇಳಿಸಲಿಲ್ಲ.

ಊರಿಗೆ ಬಂದು ಒಂದು ತಿಂಗಳು ತಡೆದೆ. ಆಮೇಲೆ ಅಯೋಡಿನ್, ಹೈಪೊ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಒಕ್ಕೂಟದ ಸಭೆಗೆ ಹೋದೆ. ಅದೇ ಹಾಲ್, ಹೆಚ್ಚುಕಡಿಮೆ ಅದೇ ಹೆಂಗಸರು. ಲೋಟದಲ್ಲಿ ಮಾಡಿ ತೋರಿಸಿ, "ನಾನು ಅವತ್ತು ನಿಮಗೆಲ್ಲಾ ಮೋಸ ಮಾಡಿದೆ," ಎಂದೆ. ಬೈಯುತ್ತಾರೆ, ಉಗಿಯುತ್ತಾರೆ ಎಂದು ಸಿದ್ಧನಾಗಿದ್ದೆ.

ಅಧ್ಯಕ್ಷೆ ನೀಲಮ್ಮ ಎಲೆಯಡಿಕೆ ಅಗಿಯುತ್ತಿದ್ದಳು. ನನಗಿಂತ ಹಿರಿಯಳು, ನನ್ನನ್ನು ಏಕವಚನದಲ್ಲೇ ಕರೆಯುವವಳು. "ಏನೋ ಕೊಟ್ರಪ್ಪ, ಇಷ್ಟಕ್ಕ ಚೀಲಾ ಹೊತ್ತು ಬಂದೀಯೇನು?" ಎಂದಳು. "ಅಕಿ ಫಿನಾಯಿಲ್ ಛಲೋ ಇತ್ತು ಅನ್ನೋದು ನಮಗ ಗೊತ್ತಿರಲಿಲ್ಲೇನು? ನಾಕು ವರ್ಷ ಬಳಸಿದಾರು ನಾವು. ಒಕ್ಕೂಟದ ಮಾಲು ಅಂತ ಆಗಿದ್ರ ದೇವರ ಕ್ವಾಣಿಗೂ ಹಾಕಬೇಕಾಗತಿತ್ತು, ಅಕಿ ಜೋಡಿ ಚಾಪಿ ಮ್ಯಾಲ ಕುಂದ್ರಬೇಕಾಗತಿತ್ತು. ಬ್ಯಾಡ ಅಂತ ಬಾಯಿಬಿಟ್ಟು ಹೇಳಾಕ ಬರತೈತೇನು ಈಗಿನ ಕಾಲದಾಗ? ನೀ ಸೈನ್ಸಿನಾಗ ಹೇಳಿದಿ. ಛಲೋ ಆತು."

"ಚಾ ಕುಡದು ಹೋಗ್ರಿ ಸರ್," ಎಂದಳು ಇನ್ನೊಬ್ಬಳು. ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು.

ಅಂದರೆ ಅವರಿಗೆ ನಾನು ಮೋಸವನ್ನೇ ಮಾಡಿರಲಿಲ್ಲ. ಅವರ ನಾಲಿಗೆಯಿಂದ ಬರಲಾರದ ಮಾತನ್ನು ನನ್ನ ನಾಲಿಗೆಯಿಂದ ಆಡಿ ಕೊಟ್ಟಿದ್ದೆ. ಆ ಮಾತು ನನ್ನೊಳಗೆ ಇರದಿದ್ದರೆ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ. ಅವರು ಹಾಗಿದ್ದರು ಎಂದು ಹೇಳಿ ನಾನು ಹಗುರವಾಗಲಾರೆ. ಶಾಲು ಹೊದ್ದು ಎದ್ದು ನಿಂತವನು ನಾನು. ಕರವಸ್ತ್ರದಿಂದ ಬಾಟಲಿ ಹಿಡಿದವನು ನಾನು.

ಮೋಸವಾದದ್ದು ಒಬ್ಬಳಿಗೇ. ಹೇಳಬೇಕಾದದ್ದೂ ಅವಳಿಗೇ. ನಾನು ಬರೆದ ಇದು ಅಚ್ಚಾದರೆ ಕೂಡ್ಲಿಗಿಗೆ ಒಯ್ದು, ಆ ಬೆಂಚಿನ ಮುಂದೆ ಕಚೇರಿಯ ಜನರೆಲ್ಲ ಇರುವಾಗಲೇ, ನಿಂತುಕೊಂಡು ಕೊಡುತ್ತೇನೆ. ತೆಗೆದುಕೊಳ್ಳುವುದು ಬಿಡುವುದು ಅವಳಿಗೆ ಸೇರಿದ್ದು. ಕ್ಷಮೆ ಕೇಳುವುದಿಲ್ಲ. ಕೇಳಿದರೆ ಅವಳು ಇನ್ನೊಮ್ಮೆ ನನ್ನ ಮರ್ಯಾದೆ ಉಳಿಸಬೇಕಾಗುತ್ತದೆ.

ಸುಜಾತಾ, ಅವತ್ತು ನೀನು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಹೌದು, ಅದು ಹೈಪೊ. ನೀನು ಹೇಳಿದ್ದು ಸರಿ ಇತ್ತು.