ಗರುಫಾಲಿಯಾ ಅತ್ತೆ ನಾಟಕ ನೋಡಿದ್ದು

ನಮ್ಮೂರಿನಿಂದ ಹಳೆಯ ಕಲ್ಲಿನ ರಂಗಕ್ಕೆ ಮುಕ್ಕಾಲು ಗಂಟೆಯ ನಡಿಗೆ. ಬೇಸಿಗೆ ಬಂತೆಂದರೆ ಅಥೆನ್ಸಿನ ನಾಟಕದವರು ಊರಲ್ಲೇ ಬಿಡಾರ ಹೂಡುತ್ತಿದ್ದರು. ರಾಜರೂ ರಾಣಿಯರೂ ನಮ್ಮ ಬಾವಿಕಟ್ಟೆಯ ಮೇಲೆ ಕೂತು ಹಲ್ಲುಜ್ಜುತ್ತಿದ್ದ ಕಾಲ ಅದು. ಅವರ ಉಡುಪುಗಳಿಗೆಲ್ಲ ಇಸ್ತ್ರಿ ಹಾಕುತ್ತಿದ್ದವಳು ನನ್ನ ಸೋದರತ್ತೆ ಗರುಫಾಲಿಯಾ. ಕೆಂಡದ ಇಸ್ತ್ರಿ ಪೆಟ್ಟಿಗೆ ಹಿಡಿದು, ಮೂವತ್ತು ಕಪ್ಪು ನಿಲುವಂಗಿಗಳನ್ನು ಒಂದೂ ಸುಕ್ಕಿಲ್ಲದಂತೆ ನೇತುಹಾಕುತ್ತಿದ್ದಳು. ನಾಟಕ ಮಾತ್ರ ಒಂದು ದಿನವೂ ನೋಡಿದವಳಲ್ಲ. ಅಭ್ಯಾಸದ ದಿನ ಊರವರಿಗೆ ಪುಕ್ಕಟೆ ಪ್ರವೇಶ. ನಾವೆಲ್ಲ ಬ್ರೆಡ್ಡು, ಆಲಿವ್ ಕಾಯಿ ಕಟ್ಟಿಕೊಂಡು ಹೊರಟರೆ, ಅಳೋದನ್ನ ನೋಡೋಕೆ ಅಷ್ಟು ದೂರ ಯಾಕೆ ನಡೀಬೇಕು ಎನ್ನುತ್ತಿದ್ದಳು.

ಅವಳ ಒಬ್ಬನೇ ಮಗ ಪನಾಯಿಸ್, ದೇಶದವರೇ ದೇಶದವರನ್ನು ಕೊಂದ ಯುದ್ಧದಲ್ಲಿ ಸತ್ತಿದ್ದ. ಅವನು ಸರ್ಕಾರದ ಸೈನ್ಯದಲ್ಲಿದ್ದ. ಪಕ್ಕದ ಮನೆಯ ವಸಿಲೋಳ ಮಗ ಬೆಟ್ಟ ಸೇರಿದ ಬಂಡುಕೋರರಲ್ಲಿದ್ದ. ಇಬ್ಬರೂ ಒಂದೇ ತಿಂಗಳಲ್ಲಿ ಹೋದರು. ಅಂದಿನಿಂದ ಹನ್ನೊಂದು ವರ್ಷ ಆ ಹೆಂಗಸರ ನಡುವೆ ಮಾತಿರಲಿಲ್ಲ. ನಡುವಿನ ಗೋಡೆ ಎದೆಮಟ್ಟ ಮಾತ್ರ. ಬಟ್ಟೆ ಒಣಹಾಕುವಾಗ ಇಬ್ಬರ ಮುಖವೂ ಎದುರುಬದುರಾಗುತ್ತಿತ್ತು.

ಆ ವರ್ಷದ ನಾಟಕ ಮಗನನ್ನು ಕಳೆದುಕೊಂಡ ಒಬ್ಬ ರಾಣಿಯ ಕಥೆ. ರಾಣಿಯಾಗಿದ್ದ ಮಿರ್ತೊ ಅತ್ತೆಯ ಮನೆಯಲ್ಲೇ ಕೋಣೆ ಹಿಡಿದಿದ್ದಳು. ಸುದ್ದಿ ಕೇಳಿ ರಾಣಿ ಅಳುವ ಜಾಗ ಅವಳಿಗೆ ಒಲಿಯಲಿಲ್ಲ. ಗಂಟಲೇನೋ ಕೇಳಿಸ್ತಿದೆ, ತಾಯಿ ಕಾಣ್ತಿಲ್ಲ ಎಂದು ನಿರ್ದೇಶಕರು ದಿನವೂ ಬೈಯುತ್ತಿದ್ದರಂತೆ. ಕೊನೆಗೆ ಅವಳು ಅತ್ತೆಯನ್ನೇ ಕೇಳಿದಳು, ಸತ್ತವರಿಗೆ ಹಾಡುವ ಶೋಕದ ಹಾಡು ಹೇಳಿಕೊಡಿ ಎಂದು. ಹೆಣವಿಲ್ಲದೆ ಅದನ್ನು ಬಾಯಿಗೆ ತರಬಾರದೆಂದು ಅತ್ತೆ ಇಸ್ತ್ರಿ ನಿಲ್ಲಿಸದೆಯೇ ಹೇಳಿದಳು.

ಮಿರ್ತೊ, "ಅಮ್ಮ, ಸುದ್ದಿ ಬಂದ ದಿನ ನೀವೇನು ಮಾಡ್ತಿದ್ರಿ?" ಎಂದಳು.

"ಹಿಟ್ಟು ನಾದ್ತಿದ್ದೆ."

"ಕೇಳಿದ ಮೇಲೆ?"

"ನಾದಿದೆ. ಹುಳಿ ಬಂದ ಹಿಟ್ಟು ಯಾರಿಗೆ ಕಾಯುತ್ತೆ, ಮಗಳೇ? ಒಲೆ ಹಚ್ಚಿದೆ, ಬೇಯಿಸಿದೆ. ಬಿಸಿ ಬ್ರೆಡ್ಡಲ್ಲಿ ಒಂದನ್ನ ಬಟ್ಟೆ ಸುತ್ತಿ ತೆಗೆದಿಟ್ಟೆ, ಅವನಿಗೆ ಸುಟ್ಟ ಅಂಚು ಇಷ್ಟ ಅಂತ. ಗಂಟು ಹಾಕಿದ ಮೇಲೆ ನೆನಪಾಯ್ತು."

ಇಷ್ಟೇ ಹೇಳಿ, ಕೆಂಡ ಆರಿತೆಂದು ಪೆಟ್ಟಿಗೆ ತೆಗೆದುಕೊಂಡು ಅಂಗಳಕ್ಕೆ ಹೋದಳು. ನಾನು ಬಾಗಿಲ ಹತ್ತಿರ ಗುಂಡಿ ಹೊಲಿಯುತ್ತ ಕೂತಿದ್ದೆ. ಈ ಮಾತು ಮನೆಯಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ.

ಊರವರಿಗೆ ನಾಟಕ ತೋರಿಸುವ ಸಂಜೆ ಮಿರ್ತೊ ಹಟ ಹಿಡಿದು ಅತ್ತೆಯನ್ನು ಕರೆದೊಯ್ದಳು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಅತ್ತೆ ನನ್ನ ಪಕ್ಕ ಕೂತಳು. ಎರಡು ಸಾಲು ಕೆಳಗೆ ವಸಿಲೋ ಇದ್ದಳು. ದೂತ ಬಂದು ಸಾವಿನ ಸುದ್ದಿ ಹೇಳಿದ. ರಾಣಿ ಕಿರುಚಲಿಲ್ಲ. ಉಣ್ಣೆಯ ನೂಲು ಸುತ್ತುತ್ತಿದ್ದವಳು ಸುತ್ತುತ್ತಲೇ ಇದ್ದಳು. ಉಂಡೆ ಮುಗಿಸಿ, ಎದ್ದು, ಮಗನ ಮೇಲಂಗಿಯನ್ನು ಅವನು ಕೂರುವ ಪೀಠಕ್ಕೆ ಹಾಸಿ, ಅದರ ಹೆಗಲನ್ನು ಎರಡು ಸಲ ಸವರಿದಳು. ಮೂರನೆಯ ಸಲ ಕೈ ಎತ್ತಿದವಳು ಹಾಗೇ ನಿಂತಳು. ಅಷ್ಟು ದೊಡ್ಡ ರಂಗದಲ್ಲಿ ಪೈನ್ ಮರಗಳ ಜೀರುಂಡೆಯ ಸದ್ದೊಂದೇ ಇತ್ತು. ಆಮೇಲೆ ಬಂದ ಅಳುವಿಗೆ ಗಂಡಸರು ಕೂಡ ಟೋಪಿ ತೆಗೆದರು. ಅತ್ತೆ ಅಳಲಿಲ್ಲ. ನನ್ನ ಮಣಿಕಟ್ಟು ಹಿಡಿದಿದ್ದಳು. ಮಾರನೆಯ ದಿನವೂ ಅಲ್ಲಿ ನೀಲಿ ಗುರುತಿತ್ತು.

ಹೊತ್ತು ಮುಳುಗುವಾಗ ಎಲ್ಲರೂ ಇಳಿಜಾರಿನಲ್ಲಿ ಮನೆಗೆ ಹೊರಟೆವು. ವಸಿಲೋ ಮುಂದೆ ಹೋಗುತ್ತಿದ್ದವಳು ನಿಂತಳು. ನಾವು ಹತ್ತಿರ ಬಂದಾಗ ಅತ್ತೆಯ ಮುಖ ನೋಡದೆ ಹೇಳಿದಳು:

"ನಾನು ಅವತ್ತು ಅವನ ಅಂಗಿಗೆ ತೇಪೆ ಹಾಕ್ತಿದ್ದೆ, ಗರುಫಾಲಿಯಾ. ಪೂರ್ತಿ ಹಾಕಿ ಮುಗಿಸ್ದೆ."

ನಾಲ್ಕು ಹೆಜ್ಜೆ ನಡೆದ ಮೇಲೆ ಅತ್ತೆ, "ಯಾವ ಅಂಗಿ, ಆ ಗೆರೆಗೆರೆದಾ?" ಎಂದು ಕೇಳಿದಳು. ಹೌದೆಂದಳು ವಸಿಲೋ. ಆ ಅಂಗಿ ಹಾಕಿಕೊಂಡು ಅವನೂ ಪನಾಯಿಸನೂ ಸೇರಿ ಪಾದ್ರಿಯ ಅಂಜೂರ ಕದ್ದದ್ದನ್ನು ಅತ್ತೆ ಹೇಳತೊಡಗಿದಳು. ನಾನು ಬೇಕೆಂದೇ ಹಿಂದೆ ಉಳಿದೆ.

ಮಿರ್ತೊ ಇನ್ನೆರಡು ಬೇಸಿಗೆ ಬಂದಳು, ಮತ್ತೆ ಬರಲಿಲ್ಲ. ಆದರೆ ಆ ಇಬ್ಬರು ಒಂದು ವರ್ಷವೂ ಅಭ್ಯಾಸದ ಸಂಜೆ ತಪ್ಪಿಸಲಿಲ್ಲ. ಮಾತು ಬಿಟ್ಟ ವರ್ಷಗಳ ಬಾಕಿಯನ್ನೆಲ್ಲ ಜಗಳದಲ್ಲೇ ತೀರಿಸುತ್ತಿದ್ದರು. ವಸಿಲೋಳ ಕಿವಿ ಮಂದವಾದ ಮೇಲೆ ಅತ್ತೆಯೇ ಜೋರಾಗಿ ಕಥೆ ಹೇಳಬೇಕಾಗುತ್ತಿತ್ತು. ಒಮ್ಮೆ ರಂಗದ ಮೇಲೆ ರಾಜಕುಮಾರ ಇರಿತಕ್ಕೆ ಬಿದ್ದಾಗ, ಇಡೀ ರಂಗಕ್ಕೆ ಕೇಳುವಂತೆ ಅತ್ತೆ ಅಂದಳು: "ಹೆದರಬೇಡ ಕಣೇ. ಮಧ್ಯಾಹ್ನ ನಮ್ಮನೇಲೇ ಎರಡು ತಟ್ಟೆ ಬೀನ್ಸ್ ತಿಂದಿದ್ದಾನೆ, ಎದ್ದೇಳ್ತಾನೆ."

ಸತ್ತ ರಾಜಕುಮಾರನ ಹೊಟ್ಟೆ ನಗುವಿಗೆ ಕುಲುಕಾಡಿದ್ದನ್ನು ನಾನು ಕಣ್ಣಾರೆ ಕಂಡೆ.