ಗಾಡಿಯ ಪಕ್ಕೆಗೆ ಬೆಸೆದ ಹೆಸರು

ಬಾರಿಯೊ ಬೆಟ್ಟದವರು ಒಂದೇ ಹೆಸರಿನಲ್ಲಿ ಜನ್ಮ ಸವೆಸುವುದಿಲ್ಲ. ಮೊದಲ ಮಗು ಹುಟ್ಟಿದಾಗ ಒಂದು ಹೊಸ ಹೆಸರು, ಮೊದಲ ಮೊಮ್ಮಗು ಹುಟ್ಟಿದಾಗ ಇನ್ನೊಂದು. ಊರಿಗೆಲ್ಲ ಔತಣ ಹಾಕಿ, ಮನೆಯ ಹಿರಿಯರೊಬ್ಬರು ಎದ್ದು ನಿಂತು ಹೊಸ ಹೆಸರನ್ನು ಕೂಗಿ ಹೇಳಿದರೆ ಮುಗಿಯಿತು, ಹಳೆಯದು ಹಳೆ ಅಂಗಿಯ ಹಾಗೆ ಮೂಲೆ ಸೇರುತ್ತದೆ. ಹೊಸ ಹೆಸರನ್ನು ಅವರವರೇ ಆರಿಸಿ ಕೂಗುವವರ ಕಿವಿಯಲ್ಲಷ್ಟೇ ಹೇಳುತ್ತಾರೆ, ಆ ದಿನದವರೆಗೆ ಬೇರೆ ಯಾರ ಎದುರೂ ಅದನ್ನು ಬಾಯಿಗೆ ತರುವುದಿಲ್ಲ. ಆ ವರ್ಷ ಡಿಸೆಂಬರಿನಲ್ಲಿ ಅಜ್ಜನಾದದ್ದಕ್ಕೆ ಹೊಸ ಹೆಸರು ಪಡೆಯಬೇಕಿದ್ದವನು ಲುಗುನ್.

ಲುಗುನ್‌ಗೆ ಐವತ್ಮೂರು ವರ್ಷ. ಕಡಲ ಪಕ್ಕದ ಮಿರಿ ಪೇಟೆಯಿಂದ ಬೆಟ್ಟದ ಮೇಲಿನ ಬಾರಿಯೊಗೆ ಪಿಕಪ್ ಗಾಡಿ ಓಡಿಸುವುದು ಅವನ ಕಸುಬು. ಮರ ಸಾಗಿಸುವವರು ಕಡಿದು ಬಿಟ್ಟುಹೋದ ರಸ್ತೆ, ಹದಿನಾಲ್ಕು ಗಂಟೆಯ ದಾರಿ, ಅರ್ಧ ಕೆಸರು, ಅರ್ಧ ಕಲ್ಲು. ಗ್ಯಾಸ್ ಸಿಲಿಂಡರು, ಸಿಮೆಂಟು, ಕೋಳಿಮರಿ, ಬಾಣಂತಿಯರು, ಪಾದ್ರಿಗಳು, ಎಲ್ಲರನ್ನೂ ಎಲ್ಲವನ್ನೂ ಅವನು ಮೇಲೆ ಮುಟ್ಟಿಸಿದ್ದಾನೆ. ಒಂದು ಸಲ ಮದುವೆಯ ಕೇಕನ್ನೂ ಒಯ್ದಿದ್ದ. ಅದನ್ನು ಸೌಟಿನಲ್ಲಿ ಬಡಿಸಬೇಕಾಯಿತು ಎಂಬುದನ್ನು ಊರಿನವರು ಇನ್ನೂ ಮರೆತಿಲ್ಲ.

ಮಗಳು ಜುಡಿತ್ ಹೆಣ್ಣುಮಗು ಹೆತ್ತ ಸುದ್ದಿ ಬಂದಾಗ ಲುಗುನ್ ಮೊದಲು ಹೋದದ್ದು ಮೂಯಾಂಗ್ ಚಿಕ್ಕಮ್ಮನ ಬಳಿಗೆ. ಅವನಿಗೆ ಆರು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಆಮೇಲೆ ಅವನನ್ನು ಸಾಕಿದ್ದು ಈ ಚಿಕ್ಕಮ್ಮ ಮತ್ತು ಅವಳ ಗಂಡ ರಿಬು. ರಸ್ತೆಯೇ ಇಲ್ಲದ ಕಾಲದಲ್ಲಿ ಚಿಕ್ಕಪ್ಪ ರಿಬು ಬಾರಿಯೊದ ಬುಗ್ಗೆನೀರು ಕಾಯಿಸಿ ತೆಗೆದ ಉಪ್ಪಿನ ಕಟ್ಟುಗಳನ್ನು ಬೆನ್ನಿಗೆ ಹೇರಿಕೊಂಡು ಕಾಡು ಇಳಿಯುತ್ತಿದ್ದ, ಸೀಮೆಎಣ್ಣೆ ಬಟ್ಟೆ ಹೊತ್ತು ವಾರಗಟ್ಟಲೆ ನಡೆದು ವಾಪಸಾಗುತ್ತಿದ್ದ. ಮಾತು ಕಡಿಮೆ. ಅವನು ಹೋಗಿ ಹದಿನೆಂಟು ವರ್ಷ. ಎಪ್ಪತ್ತೆಂಟರ ಚಿಕ್ಕಮ್ಮ ಈಗ ಮಿರಿಯಲ್ಲಿ ಮಗಳ ಮನೆಯಲ್ಲಿದ್ದಳು. ಗಂಡನ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುವ ಹೆಂಗಸು.

"ಚಿಕ್ಕಮ್ಮ, ಔತಣಕ್ಕೆ ನೀನಿಲ್ದೆ ಆಗುತ್ತಾ? ಹೆಸರು ಕೂಗೋರು ಯಾರು?"

"ಊರಲ್ಲಿ ಬಾಯಿ ಇರೋರಿಗೆ ಬರಗಾಲ ಬಂತಾ? ಯಾರಾದ್ರೂ ಕೂಗ್ತಾರೆ ಬಿಡು."

"ವಿಮಾನದಲ್ಲಿ ಬಂದ್ಬಿಡು."

"ಆ ಪುಟಾಣಿ ವಿಮಾನ ಹತ್ತೋಕೆ ಮುಂಚೆ ಅಕ್ಕಿ ಮೂಟೆ ಥರ ನನ್ನ ತೂಕ ಹಾಕ್ತಾರೆ. ಹೋದ್ಸಲ ಮೋಡದೊಳಗೆ ಅದು ನಡುಗಿದ ನಡುಕಕ್ಕೆ ನನಗೆ ಬರೋ ಪ್ರಾರ್ಥನೆ ಎಲ್ಲಾ ಮುಗಿದುಹೋದ್ವು. ಇನ್ನೊಂದ್ಸಲಕ್ಕೆ ಉಳಿದಿಲ್ಲ."

"ಹಾಗಾದ್ರೆ ನನ್ನ ಗಾಡೀಲಿ ಬಾ."

"ನಿನ್ನ ಗಾಡಿಗೆ ಬಾಗಿಲು ಇದೆಯೇನೋ? ಕಿಟಕಿ ಇರೋದು ಮಾತ್ರ ನನಗೆ ಗೊತ್ತು."

ಲುಗುನ್ ತಲೆ ತಗ್ಗಿಸಿದ. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಿಂದಿನ ಈಸ್ಟರಿಗೆ ಹೋಗುವಾಗ ಹೊಳೆ ದಾಟಿದ ಮೇಲಿನ ತಿರುವಿನಲ್ಲಿ ಗಾಡಿ ಎಡಕ್ಕೆ ಜಾರಿ ಒಂದು ಕರಿ ಬಂಡೆಯ ಮೇಲೆ ಕೂತಿತ್ತು. ಬಾಗಿಲುಗಳ ಕೆಳಗಿನ ತಗಡು ಒಳಕ್ಕೆ ನುಗ್ಗಿ ಎಡಗಡೆಯ ಎರಡು ಬಾಗಿಲೂ ಕಚ್ಚಿಕೊಂಡವು. ಹಿಂದಿನ ಸೀಟಿನ ಬಲಗಡೆಯಲ್ಲಿ ಮೊಟ್ಟೆಯ ತಟ್ಟೆಗಳು ಮಾಡಿನವರೆಗೆ. ಐದು ಗಂಟೆ ಹಾಗೇ ಕೂತು ಬಂದ ಚಿಕ್ಕಮ್ಮನನ್ನು ಬಾರಿಯೊ ಚರ್ಚಿನ ಮುಂದೆ, ಆರಾಧನೆ ಮುಗಿಸಿ ಹೊರಬಂದ ಇಡೀ ಊರಿನ ಎದುರು, ನಾಲ್ಕು ಜನ ಕಿಟಕಿಯಿಂದ ಎಳೆದು ಇಳಿಸಿದರು. ಅವಳ ತಾಯಿಯ ಕಾಲದ ಮಣಿಟೋಪಿ ಕೆಸರಿಗೆ ಬಿತ್ತು. ಊರು ನಗದೆ ಇರಲು ಪ್ರಯತ್ನವನ್ನಂತೂ ಮಾಡಿತು.

"ಬಾಗಿಲು ತೆಗೆಯುತ್ತೆ ಅನ್ನೋದನ್ನ ನನ್ನ ಕಣ್ಣಿಗೆ ತೋರಿಸು. ಆಮೇಲೆ ಮಾತು," ಎಂದಳು ಚಿಕ್ಕಮ್ಮ.

ಅವಳಿಲ್ಲದ ಔತಣ ಲುಗುನ್‌ಗೆ ಬೇಕಿರಲಿಲ್ಲ. ಮಗಳು ಹುಟ್ಟಿದಾಗ ಅವನಿಗೆ ಲುಗುನ್ ಎಂದು ಕೂಗಿದ್ದು ಅವಳೇ. ಈ ಸಲದ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿಸಿಕೊಳ್ಳುವುದೆಂದರೆ ಅನಾಥನ ಹಾಗೆ ನಿಂತು ಕೇಳಿಸಿಕೊಂಡಂತೆ. ಅದನ್ನು ಹೆಂಡತಿಗೂ ಹೇಳಲಾರದೆ ಅವನು ಗಾಡಿಯ ಪಕ್ಕೆಗೆ ಕಟ್ಟುವ ಕಬ್ಬಿಣ ಹುಡುಕುತ್ತ ಹೊರಟ. ರಾಕ್ ಸ್ಲೈಡರ್ ಎನ್ನುತ್ತಾರೆ. ಚಕ್ರದಿಂದ ಚಕ್ರದವರೆಗೆ ಬಾಗಿಲುಗಳ ಕೆಳಗೆ ಒಂದೊಂದು ದಪ್ಪ ಕೊಳವೆ. ಬಂಡೆ ಎದ್ದು ಬಂದರೆ ಏಟು ಅದು ತಿನ್ನುತ್ತದೆ, ಬಾಗಿಲಿಗೆ ಸುದ್ದಿಯೂ ಹೋಗುವುದಿಲ್ಲ.

ಪೇಟೆಯ ಅಂಗಡಿಯಲ್ಲಿ ಹೆಂಡತಿ ಸುಪಾಂಗ್ ಒಂದು ಜೋಡಿಯನ್ನು ನೋಡಿ ಅಲ್ಲೇ ನಿಂತುಬಿಟ್ಟಳು. "ರೀ, ಇದು ನೋಡಿ, ಕನ್ನಡಿ ಥರ ಹೊಳೀತಿದೆ. ಚಿಕ್ಕಮ್ಮನಿಗೆ ಕಾಲಿಟ್ಟು ಹತ್ತೋಕೆ ರಬ್ಬರು ಬೇರೆ ಇದೆ."

ಲುಗುನ್‌ಗೂ ಮನಸ್ಸು ಜಾರಿತು. ಆದರೂ ಒಂದು ಮಾತು ಕೇಳೋಣವೆಂದು ಹೆಂಡತಿಯನ್ನೂ ಕರೆದುಕೊಂಡು ಬೆಸುಗೆಯ ಲೌ ಹತ್ತಿರ ಹೋದ. ಲೌ ಮೂವತ್ತು ವರ್ಷದಿಂದ ಬೆಟ್ಟದ ಗಾಡಿಗಳ ಮೂಳೆ ಕೂಡಿಸುತ್ತಿದ್ದವನು. ಸೊಗಸಾಗಿ ಮಾತಾಡುವುದು ಅವನಿಗೆ ತಿಳಿಯದು.

"ಹೊಳೆಯೋದಾ? ಅದು ಪೇಟೆ ಗಾಡಿಗೆ ಹಾಕೋ ಕಾಲುಂಗುರ ಕಣಯ್ಯ. ಮೂರು ಪುಟ್ಟ ಬೋಲ್ಟಲ್ಲಿ ತಗಡಿಗೆ ನೇತಾಡುತ್ತೆ. ಬಂಡೆ ಮೇಲೆ ಕೂತ್ರೆ ಅದೇ ಮಡಚಿಕೊಂಡು ಬಾಗಿಲಿಗೆ ತಿವಿಯುತ್ತೆ. ಆಮೇಲೆ ನಿನ್ನ ಚಿಕ್ಕಮ್ಮನ್ನ ಕಿಟಕಿಯಿಂದಲೂ ಇಳಿಸೋಕಾಗಲ್ಲ."

"ಹಾಗಾದ್ರೆ ನೀನೇ ಮಾಡು. ಆದ್ರೆ ಮೇಲಕ್ಕೆ, ಬಾಗಿಲಿಗೆ ಅಂಟಿಕೊಂಡ ಹಾಗಿರ್ಲಿ. ಕೆಳಗೆ ಜೋತುಬಿದ್ರೆ ಕಲ್ಲಿಗೆ ಸಿಕ್ಕುತ್ತೆ," ಎಂದ ಲುಗುನ್.

"ಅಂಟಿಕೊಂಡಿದ್ರೆ ಎಪ್ಪತ್ತೆಂಟು ವರ್ಷದವಳು ಎಲ್ಲಿ ಕಾಲಿಡ್ಬೇಕು, ನಿಮ್ಮ ತಲೆ ಮೇಲಾ?" ಎಂದಳು ಸುಪಾಂಗ್.

ಗಂಡಹೆಂಡಿರ ಜಗಳದಲ್ಲಿ ಲೌ ಸುಮ್ಮನೆ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದ. ಕೊಳವೆ ಬಾಗಿಲಿನಿಂದ ಒಂದು ಗೇಣು ಹೊರಗೆ, ತುಸು ಮೇಲ್ಮುಖವಾಗಿ. ಮೇಲೆ ಕಾಲು ಜಾರದಂತೆ ಗೀರು ಹಾಕಿದ ಪಟ್ಟಿ. ಹಿಂದಿನ ತುದಿ ಮಾತ್ರ ಹೊರಕ್ಕೆ ಬಾಗಿರಬೇಕು, ಆಗ ಬಂಡೆಯೇ ಗಾಡಿಯ ಹಿಂಭಾಗವನ್ನು ಪಕ್ಕಕ್ಕೆ ತಳ್ಳಿ ದಾಟಿಸುತ್ತದೆ. ನೀರಿನ ಕೊಳವೆ ಆಗದು, ಗೋಡೆ ದಪ್ಪಗಿರುವುದೇ ಬೇಕು. ಇಬ್ಬರ ಮಾತೂ ನಡೆದಂತೆ ಇಬ್ಬರಿಗೂ ಅನ್ನಿಸಿತು.

ಕೂಡಿಸುವ ಕೆಲಸ ಎರಡು ದಿನ ಹಿಡಿಯಿತು. ಲುಗುನ್ ತಾನೂ ಗಾಡಿಯ ಅಡಿಗೆ ಮಲಗಿ, ಡೀಸೆಲ್ ಮತ್ತು ಬ್ರೇಕಿನ ಸಣ್ಣ ಕೊಳವೆಗಳಿಗೆ ಕಿಡಿ ತಾಗದಂತೆ ಒದ್ದೆ ಗೋಣಿ ಹಿಡಿದ. ಲೌ ದಪ್ಪ ಕಾಲುಗಳನ್ನು ಒಂದೊಂದಾಗಿ ಚಾಸಿಗೆ, ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ, ಬಿಗಿದ. ತಗಡಿಗೂ ಕೊಳವೆಗೂ ನಡುವೆ ಎರಡು ಬೆರಳಿನ ಸಂದು ಬಿಟ್ಟ.

"ಬಾಡಿ ಅಂದ್ರೆ ಅಂಗಿ, ಚಾಸಿ ಅಂದ್ರೆ ಬೆನ್ನು," ಎಂದ ಲೌ. "ಹೊರೆ ಹೊರೋದು ಅಂಗಿಯಾ, ಬೆನ್ನಾ?"

ಆ ಮಾತಿಗೆ ಲುಗುನ್‌ಗೆ ಚಿಕ್ಕಪ್ಪನ ಬೆನ್ನು ನೆನಪಾಯಿತು. ಬುಟ್ಟಿಯ ಪಟ್ಟಿ ಉಜ್ಜಿ ಉಜ್ಜಿ ಎರಡು ಹೆಗಲ ಮೇಲೂ ಜಡ್ಡುಗಟ್ಟಿತ್ತು. ಚಿಕ್ಕವನಿದ್ದಾಗ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಹೀಗೆ ಅವನು ಮೆತ್ತಗಾಗಿದ್ದ ಹೊತ್ತಿಗೇ ಲೌ ಕೇಳಿದ, "ಎಡಗಡೆ ಕೊಳವೆ ಅಡೀಲಿ ಹೆಸರು ಬೆಸೀತೀನಿ. ಕದ್ದರೆ ಗುರುತು ಹಿಡಿಯೋಕೆ. ಲುಗುನ್ ಅಂತ ತಾನೇ?"

ಲುಗುನ್ ಎಂಬ ಹೆಸರಿಗೆ ಇನ್ನು ಮೂರೇ ವಾರದ ಆಯುಸ್ಸು. ಕಬ್ಬಿಣವೋ ಇಪ್ಪತ್ತು ವರ್ಷ ಬಾಳುವಂಥದ್ದು. ಅವನು ಆಚೀಚೆ ನೋಡಿ, ಯಾರಿಗೂ ಹೇಳದ ಹೆಸರನ್ನು ಹೇಳಿಬಿಟ್ಟ. "ರಿಬು ಅಂತ ಹಾಕು. ಅಡೀಲಿ ಯಾರು ನೋಡ್ತಾರೆ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಬೆಸೆದರೆ ಏನಾಗುತ್ತದೆಂದು ಯಾರೂ ಹೇಳಿಟ್ಟಿಲ್ಲ.

ಮರುದಿನ ಚಿಕ್ಕಮ್ಮ ಮಣಿಟೋಪಿ ಹಾಕಿಕೊಂಡು, ಕೊಡೆ ಊರಿಕೊಂಡು ಪರೀಕ್ಷೆಗೆ ಬಂದಳು. ಲೌ ಎಡಗಡೆ ಕೊಳವೆಗೇ ಜ್ಯಾಕ್ ಕೊಟ್ಟು ಗಾಡಿಯ ಅರ್ಧ ಮೈಯನ್ನು ಎತ್ತಿದ. ಎರಡು ಚಕ್ರಗಳು ನೆಲ ಬಿಟ್ಟವು.

"ಅಜ್ಜಿ, ಗಾಡಿ ಭಾರ ಎಲ್ಲಾ ಈಗ ಇದರ ಮೇಲಿದೆ. ಬಾಗಿಲು ತೆಗೀರಿ."

ಚಿಕ್ಕಮ್ಮ ತೆಗೆದಳು, ಹಾಕಿದಳು. ಏಳು ಸಲ. ಎಂಟನೆಯ ಸಲ ಬಾಗಿಲಿಗೇ ಬೇಸರ ಬಂದಿರಬೇಕು. "ಪರವಾಗಿಲ್ಲ," ಎಂದು ಅವಳು ಕೊಳವೆಯ ಅಡಿಗೆ ಕೈ ಹಾಕಿದಳು. ಹಳೆಯ ಮಣಿ ಯಾವುದು, ಪೇಟೆಯ ನಕಲಿ ಯಾವುದು ಎಂದು ಕಣ್ಣು ಮುಚ್ಚಿ ಹೇಳುವ ಬೆರಳುಗಳು ಅವು. ಸವರುತ್ತ ಹೋದ ಬೆರಳು ನಿಂತಿತು. ಹಿಂದೆ ಬಂತು. ಒಂದೊಂದೇ ಅಕ್ಷರವನ್ನು ಮುಟ್ಟಿತು.

"ಇದೇನೋ ಇದು?"

ಲೌ ಇಲ್ಲದ ಸ್ಪಾನರ್ ಹುಡುಕತೊಡಗಿದ.

"ಹೆಂಡ್ತಿಗೆ ಹೇಳಿಲ್ಲ, ನನ್ನ ಕೇಳಿಲ್ಲ, ಕಬ್ಬಿಣಕ್ಕೆ ಹೇಳಿದೀಯ! ಔತಣಕ್ಕೆ ಇನ್ನೂ ಮೂರು ವಾರ ಇದೆ. ಅದೂ ಎಲ್ಲಿ? ಕೆಸರು ಎರಚೋ ಜಾಗದಲ್ಲಿ, ನಾನು ಕಾಲಿಡೋ ಜಾಗದಲ್ಲಿ ನನ್ನ ಗಂಡನ ಹೆಸರು!"

"ತಪ್ಪಾಯ್ತು ಚಿಕ್ಕಮ್ಮ. ಈಗ್ಲೇ ಉಜ್ಜಿ ತೆಗೆಸ್ತೀನಿ."

"ಮುಟ್ಟಬೇಡ! ಅವನ ಹೆಸರನ್ನ ನೀನು ಉಜ್ಜಿ ತೆಗೀತೀಯಾ?" ಅವಳ ದನಿ ಒಡೆಯಿತು. ಕೊಡೆ ಎತ್ತಿಕೊಂಡಳು. "ಬರ್ತೀನಿ, ಮಗುವಿಗೋಸ್ಕರ. ಆದ್ರೆ ಆ ಹೆಸರು ನಾನು ಕೂಗಲ್ಲ. ಬೇರೆ ನೋಡ್ಕೋ."

ಬೇರೆ ಹೆಸರುಗಳಿಗೇನು, ಬೇಕಾದಷ್ಟಿದ್ದವು. ಲುಗುನ್‌ಗೆ ಒಂದೂ ಬೇಕಿರಲಿಲ್ಲ. ಹೊರಡುವ ಬೆಳಗ್ಗೆ ಕೊನೆಗೆ ಮಾರಾನ್ ಎಂಬ ಒಂದನ್ನು ಆರಿಸಿ ಅವಳ ಕಿವಿಯಲ್ಲಿ ಹೇಳಿದಾಗ ಅವಳು "ಹೂಂ" ಎಂದಷ್ಟೇ ಅಂದಳು. ಗಾಡಿಯನ್ನು ಸುತ್ತಿ ಬಲಗಡೆಗೆ ಹೋಗಿ ಅಲ್ಲಿಂದ ಹತ್ತಿದಳು. ಮೊಟ್ಟೆಗಳನ್ನೆಲ್ಲ ಈ ಸಲ ಹಿಂದಿನ ತೊಟ್ಟಿಗೆ ಹಾಕಿದ್ದರು. ಹೊಳೆಯವರೆಗೂ ಅವಳು ಮಾತಾಡಲಿಲ್ಲ. ಅವಳ ಬೈಗುಳಕ್ಕಿಂತ ಆ ಮೌನವೇ ಲುಗುನ್‌ಗೆ ಹೆದರಿಕೆ ಹುಟ್ಟಿಸಿತು.

ಮಧ್ಯಾಹ್ನ ಹೊಳೆ ದಾಟಿದರು. ತಿರುವು ಬಂತು. ಹಿಂದಿನ ದಿನ ಮಳೆ ಬಿದ್ದಿತ್ತು. ಲುಗುನ್ ಎಷ್ಟು ಮೆಲ್ಲಗೆ ತಿರುಗಿಸಿದರೂ ಗಾಡಿ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದು ಎಡಕ್ಕೆ ಜಾರಿತು, ಅದೇ ಕರಿ ಬಂಡೆಯ ಮೇಲೆ ದಢಾರನೆ ಕೂತಿತು. ಸುಪಾಂಗ್ ಯೇಸುವನ್ನು ಕರೆದಳು. ಲುಗುನ್ ಗೇರು ತಗ್ಗಿಸಿ ಮೆಲ್ಲಗೆ ಕಾಲೊತ್ತಿದ. ಕಬ್ಬಿಣ ಕಲ್ಲಿನ ಮೇಲೆ ಕಿರುಚುತ್ತ ಒಂದಡಿ ಸರಿಯಿತು, ಇನ್ನೊಂದಡಿ ಸರಿಯಿತು, ಬಾಗಿದ ತುದಿ ಬಂಡೆಗೆ ಒತ್ತಿ ಹಿಂಭಾಗವನ್ನು ಪಕ್ಕಕ್ಕೆ ನೂಕಿತು. ಗಾಡಿ ಧೊಪ್ಪನೆ ರಸ್ತೆಗೆ ಇಳಿಯಿತು.

"ನಿಲ್ಸು," ಎಂದಳು ಚಿಕ್ಕಮ್ಮ.

ಅವಳು ಸೀಟಿನ ಮೇಲೆ ಸರಿದು ಎಡಗಡೆಯ ಬಾಗಿಲನ್ನು ತೆಗೆದಳು. ಅದು ಅಡಿಗೆಮನೆಯ ಬಾಗಿಲಿನಷ್ಟು ಸಲೀಸಾಗಿ ತೆರೆಯಿತು. ಕೊಳವೆಯ ಮೇಲೆ ಕಾಲಿಟ್ಟು ಕೆಸರಿಗೆ ಇಳಿದು, ಸುಪಾಂಗ್‌ಳ ಭುಜ ಹಿಡಿದು ಬಗ್ಗಿ ಅಡಿಗೆ ಕೈ ಹಾಕಿದಳು. ಬೆರಳು ಹೋಯಿತು, ಬಂತು. ಅಕ್ಷರಗಳು ಇರಲಿಲ್ಲ. ಬಂಡೆ ಎಲ್ಲವನ್ನೂ ತೇದು ನುಣ್ಣಗೆ ಮಾಡಿತ್ತು.

"ಇದೇ ಹೊಳೇಲಿ ನಿನ್ನ ಚಿಕ್ಕಪ್ಪ ನನ್ನನ್ನ ಬೆನ್ನ ಮೇಲೆ ಹೊತ್ತು ದಾಟಿಸಿದ್ದ," ಎಂದಳು ಅವಳು, ಕೈ ತೆಗೆಯದೆ. "ಮದುವೆಯಾದ ವರ್ಷ. ನಡುವೆ ಕಾಲು ಜಾರ್ತು, ಮಂಡಿ ಚರ್ಮ ಎಲ್ಲಾ ಕಲ್ಲಿಗೆ ಕಿತ್ತುಹೋಗಿತ್ತು. ನನ್ನ ಬಟ್ಟೆ ಅಂಚೂ ಒದ್ದೆಯಾಗ್ಲಿಲ್ಲ. ಮನೆಗೆ ಹೋಗಿ ರಕ್ತ ನೋಡಿದ ಮೇಲೆ ನನಗೆ ಗೊತ್ತಾಗಿದ್ದು. ಒಂದು ಮಾತು ಆಡಿರ್ಲಿಲ್ಲ, ಮಹಾನುಭಾವ."

ಅವಳು ಅತ್ತಳು, ಕೂಡಲೇ ನಕ್ಕಳು. ಹತ್ತುವಾಗ ಗಾಡಿಯನ್ನು ಸುತ್ತಿ ಹೋಗಲಿಲ್ಲ. ಎಡಗಡೆಯಲ್ಲೇ ಕಾಲಿಟ್ಟು ಹತ್ತಿ, ಬಾಗಿಲು ಎಳೆದುಕೊಂಡು, ಲುಗುನ್‌ನ ಗಾಡಿ ಓಡಿಸುವ ಚಂದವನ್ನು ಬಾರಿಯೊವರೆಗೂ ಬಯ್ದಳು. ಅವನಿಗೆ ಸಂಗೀತ ಕೇಳಿದಷ್ಟು ಹಿತವಾಯಿತು.

ಚರ್ಚಿನ ಮುಂದೆ ಜನ ಸೇರಿತ್ತು. ಕಿಟಕಿಯಿಂದ ಇಳಿಸಲೆಂದು ಇಬ್ಬರು ತೋಳು ಮಡಚಿಕೊಂಡು ಮುಂದೆಯೂ ಬಂದರು. ಚಿಕ್ಕಮ್ಮ ಬಾಗಿಲು ತೆಗೆದು, ಮಣಿಟೋಪಿ ಸರಿಮಾಡಿಕೊಂಡು, ಯಾರ ಕೈಯನ್ನೂ ಹಿಡಿಯದೆ ಇಳಿದಳು. "ಏನ್ರಪ್ಪಾ, ಬಾಗಿಲು ನೋಡಿಲ್ವಾ ಯಾವತ್ತೂ?" ಎಂದಳು.

ಔತಣದ ದಿನ ಎಲೆಯಲ್ಲಿ ಕಟ್ಟಿದ ಮೆತ್ತನೆಯ ಅನ್ನ, ಹಂದಿಮಾಂಸ, ಅನಾನಸು, ಬಕೀಟುಗಟ್ಟಲೆ ಕಾಫಿ. ಚಿಕ್ಕಮ್ಮ ಎದ್ದು ಮೊದಲು ಮಗುವಿನ ತಾಯಿತಂದೆಯರ ಹೊಸ ಹೆಸರು ಕೂಗಿದಳು, ಆಮೇಲೆ ಸುಪಾಂಗ್‌ಳದು. ಲುಗುನ್ ಮಾರಾನ್ ಎಂಬ ಹೆಸರಿಗೆ ಮುಖವನ್ನು ನಗುವಂತೆ ಸಿದ್ಧಮಾಡಿಕೊಂಡು ನಿಂತ.

"ಇವನನ್ನ ಇವತ್ತಿನವರೆಗೂ ಲುಗುನ್ ಅಂತಿದ್ವಿ," ಎಂದು ಅವಳು ದನಿ ಎತ್ತಿದಳು. "ಇನ್ಮೇಲೆ ಇವನ ಹೆಸರು ರಿಬು!"

ಸಭೆ ಚಪ್ಪಾಳೆ ತಟ್ಟಿತು. ಅವನು ಮಾತ್ರ ಕೈಯಲ್ಲಿದ್ದ ಕಾಫಿ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತಿದ್ದ, ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಹೊರಗಿನಿಂದ ಯಾರೋ ಕೂಗಿದರು: "ಲೋ ರಿಬು, ನಿನ್ನ ಗಾಡಿ ಅಡ್ಡ ಇದೆ, ಪಕ್ಕಕ್ಕೆ ತೆಗಿಯೋ!"

ತಿರುಗಿ ನೋಡಿದವರು ಇಬ್ಬರು. ಒಬ್ಬ ಅವನು, ಇನ್ನೊಬ್ಬಳು ಚಿಕ್ಕಮ್ಮ. ಹದಿನೆಂಟು ವರ್ಷದಿಂದ ಆ ಹೆಸರು ಹಿಡಿದು ಯಾರೂ ಹಾಗೆ ಕರೆದಿರಲಿಲ್ಲ. ಅವಳು ಸ್ವಲ್ಪ ಹೊತ್ತು ಬಾಗಿಲನ್ನೇ ನೋಡುತ್ತ ನಿಂತಳು. ಆಮೇಲೆ ಅವನ ಬೆನ್ನಿಗೆ ಒಂದು ಗುದ್ದು ಹಾಕಿದಳು.

"ಹೋಗೋ. ನಿನ್ನನ್ನೇ ಕರೀತಿರೋದು."