ಕಲ್ಲಿನ ಮೇಲೆ ಉಳಿದಿದ್ದ ಒಂದೇ ಸಾಲು

ನನ್ನ ಅತ್ತೆ ಸಬೀನಾ ಆ ಚಳಿಗಾಲವಿಡೀ ನಮ್ಮ ಅಡುಗೆಮನೆಯ ಕಪಾಟಿನ ಮೇಲೆ, ಬೂದಿಯ ಡಬ್ಬಿಯಲ್ಲಿ ಕೂತಿದ್ದಳು. ಬದುಕಿದ್ದಾಗಲೂ ನಾನು ತಿನ್ನುವುದನ್ನು ಹೀಗೇ ನೋಡುತ್ತಿದ್ದಳು. "ನಮ್ಮಪ್ಪ ಅಮ್ಮನ ಜೊತೆ ಮಲಗಿಸೇ" ಎಂದು ಸಾಯುವಾಗ ಮಗಳ ಕೈಹಿಡಿದು ಕೇಳಿದ್ದಳು. ನನ್ನ ಹೆಂಡತಿ ಡೀಲಿಯಾ ಒಮ್ಮೆ ಹೂಂ ಅಂದಳೆಂದರೆ ಮುಗಿಯಿತು. ಅದು ಅವಳ ಗುಣ, ನನ್ನ ಕರ್ಮ.

ಅಡ್ಡ ನಿಂತವನು ಪ್ಯಾಕಿ ಗ್ಯಾವಗನ್, ಸಬೀನಾಳ ಅಣ್ಣನ ಮಗ. ಅತ್ತೆಯ ಅಪ್ಪ ಅಮ್ಮ ಮಲಗಿದ್ದ ಗ್ಯಾವಗನ್ ಮನೆತನದ ಗೋರಿಯಲ್ಲಿ ಇನ್ನೊಬ್ಬರಿಗಷ್ಟೇ ಜಾಗವಿತ್ತು, ಕಲ್ಲಿನ ಮೇಲೆ ಒಂದೇ ಹೆಸರಿಗೆ ತೆರವು. ಬೂದಿಯಾದರೇನು, ನಮ್ಮ ಚರ್ಚಿನ ಫಾದರ್ ಲೆಕ್ಕದಲ್ಲಿ ಒಬ್ಬರು ಒಬ್ಬರೇ. ಆ ಜಾಗದ ಮೇಲೆ ಪ್ಯಾಕಿಗೆ ಕಣ್ಣು. ಹೊಸ ಸ್ಮಶಾನ ಹಂದಿ ಸಾಕುವ ಶೆಡ್ಡಿನ ಪಕ್ಕದಲ್ಲಿದೆ, ಮಹಾರಾಯನಿಗೆ ಅಲ್ಲಿ ಮಲಗಲು ಮನಸ್ಸಿಲ್ಲ.

"ನಮ್ಮ ಸಬೀನಾ ಎರಡು ವರ್ಷಕ್ಕೇ ಸತ್ತಳು ಕಣಮ್ಮ" ಎಂದ, ಪಬ್ಬಿನಲ್ಲಿ ಎಲ್ಲರೆದುರು. "ಕಲ್ಲಿನ ಮೇಲೇ ಕೆತ್ತಿದೆ, ಕಣ್ಣು ಕಾಣಲ್ವಾ? ಗ್ಲಾಸ್ಗೋದಲ್ಲಿ ಬೆಳೆದ ನಿಮ್ಮಮ್ಮ ಯಾರೋ, ಯಾವೂರೋ!"

ಸತ್ತ ಮಗುವಿನ ಹೆಸರನ್ನೇ ಮುಂದೆ ಹುಟ್ಟಿದ ಮಗುವಿಗೆ ಇಡುವುದು ನಮ್ಮ ಮೇಯೋ ಕಡೆಯ ಹಳೇ ವಾಡಿಕೆ, ಅಜ್ಜಿಯ ಹೆಸರು ಮನೆಯಲ್ಲಿ ಉಳಿಯಬೇಕಲ್ಲ. ಕಲ್ಲಿನ ಮೇಲಿದ್ದದ್ದು ಅತ್ತೆ ಹುಟ್ಟುವ ಮೊದಲೇ ಸತ್ತ ಅಕ್ಕ. ಆ ಕಳ್ಳನಿಗೂ ಅದು ಚೆನ್ನಾಗಿ ಗೊತ್ತು. ಆದರೆ ಫಾದರ್‌ಗೆ ಬರಹದಲ್ಲಿ ಪುರಾವೆ ಬೇಕಂತೆ.

ಡೀಲಿಯಾ ಕೌಂಟಿ ಕಚೇರಿಗೆ ಹೋದಳು. ಮಗು ಸಬೀನಾಳ ಸಾವು ದಾಖಲಾಗಿತ್ತು, ಎರಡನೆಯವಳ ಹುಟ್ಟು ಇರಲಿಲ್ಲ. ಆ ಕಾಲದಲ್ಲಿ ಕೆಲಸ ಬಿಟ್ಟು ಹೆರಿಗೆ ಬರೆಸಲು ಪಟ್ಟಣಕ್ಕೆ ಹೋಗುವಷ್ಟು ಪುರುಸೊತ್ತು ಯಾರಿಗಿತ್ತು? ಸುದ್ದಿ ಪ್ಯಾಕಿಯ ಕಿವಿಗೆ ಬಿತ್ತು. "ಏನಮ್ಮಾ, ನಿಮ್ಮಮ್ಮ ಹುಟ್ಟೇ ಇಲ್ವಂತೆ?" ಎಂದು ರಸ್ತೆಯ ಆಚೆಯಿಂದ ಕೂಗಿದ. ಅವನ ಹಲ್ಲು ಉದುರಿಸಬೇಕೆನಿಸಿತು ನನಗೆ.

ಉಳಿದದ್ದು ಮಕ್ಕಳ ದೀಕ್ಷಾಸ್ನಾನ ಬರೆದಿಡುವ ಚರ್ಚಿನ ಪುಸ್ತಕ. ಅದನ್ನು ಕಾಯುವವಳು ಮಿಸೆಸ್ ಟಿಯರ್ನಿ, ಸಿಡುಕುಮೂತಿ. "ಇದೇನು ಲೈಬ್ರರಿಯಾ? ಫಾದರ್ ಇಲ್ಲ, ಬೀಗದಕೈ ಇಲ್ಲ, ನನಗೆ ಟೈಮಿಲ್ಲ."

"ನಂಗಿದೆ" ಎಂದು ಡೀಲಿಯಾ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಅಲ್ಲೇ ಕೂತಳು. ಟಿಯರ್ನಿಗೆ ಊಟದ ಹೊತ್ತಾದಾಗ ಬೀಗದಕೈ ಅವಳ ಜೇಬಿನಲ್ಲೇ ಸಿಕ್ಕಿತು.

ಮಗು ಸತ್ತ ಮರುವರ್ಷದ ದೀಕ್ಷಾಸ್ನಾನಗಳ ಸಾಲಿನಲ್ಲಿ ಇನ್ನೊಬ್ಬ ಸಬೀನಾ ಇದ್ದಳು. ಅದೇ ಅಪ್ಪ, ಅದೇ ಅಮ್ಮ. ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಗ್ಲಾಸ್ಗೋದ ಮದುವೆ, ಪಕ್ಕದಲ್ಲಿ ಡೀಲಿಯಾಳ ಅಪ್ಪನ ಹೆಸರು. ನಮ್ಮವರು ಎಲ್ಲೇ ಮದುವೆಯಾಗಲಿ, ಅಲ್ಲಿನ ಪಾದ್ರಿ ದೀಕ್ಷೆಯಾದ ಚರ್ಚಿಗೆ ಬರೆದು ತಿಳಿಸಲೇಬೇಕು. ಮಗುವನ್ನು ಎತ್ತಿಕೊಂಡು ನಿಂತ ಧರ್ಮತಂದೆ ಆಂಟನಿ ಗ್ಯಾವಗನ್, ಸಾಕ್ಷಾತ್ ಪ್ಯಾಕಿಯ ಅಪ್ಪ!

"ಅಮ್ಮಾ, ಸಿಕ್ಕಿದೆ ಕಣೇ" ಎಂದು ಡೀಲಿಯಾ ಬಿಕ್ಕಿ ಬಿಕ್ಕಿ ಅತ್ತಳು. 

ಬೂದಿ ಮಣ್ಣಿಗಿಟ್ಟ ದಿನ ಪ್ಯಾಕಿಯೂ ಬಂದ, ನಾಚಿಕೆಗೆಟ್ಟವನು. "ಸಬೀನಾ ಅಂತ ಮೊದಲೇ ಇದ್ಯಲ್ಲ, ಇಬ್ಬರಿಗೂ ಅದೇ ಸಾಕು. ಇನ್ನೊಂದ್ಸಲ ಯಾಕೆ ಕೆತ್ತಿಸ್ತೀಯಾ?"

"ಬದುಕಿಡೀ ಅಕ್ಕನ ಹೆಸರು ಹೊತ್ತಳು. ಈಗಾದರೂ ಅವಳದೇ ಒಂದಿರಲಿ" ಎಂದು ಡೀಲಿಯಾ ಕಲ್ಲುಕುಟಿಗನಿಗೆ ಸನ್ನೆ ಮಾಡಿದಳು. ಉಳಿದಿದ್ದ ಸಾಲಿಗೆ ಉಳಿ ಬಿತ್ತು.

ಪ್ಯಾಕಿಯ ಮುಖ ಬಿಳಿಚಿತು. "ಹಾಗಾದ್ರೆ ನಾನೆಲ್ಲಿ ಹೋಗ್ಲೇ?"

"ಹಂದಿಗಳ ಹತ್ರ ಹೋಗು. ಅವು ಪುರಾವೆ ಕೇಳಲ್ಲ."